ಜೀವದಯಾಷ್ಟಮಿಯ ಕವಿ ಜನ್ನ

ಬೇಲೂರು, ಹಳೇಬೀಡು, ಗೆಂಡೆಹಳ್ಳಿಗಳ ಸುತ್ತಣ ನಾಡು ಹೊಯ್ಸಳರ ಕಾಲದಲ್ಲಿ ಜಿನಧರ್ಮದ ನೆಲೆವೀಡಾಗಿದ್ದಿತು. ಇಂದಿನ ಹಳೇಬೀಡೇ ಅಂದಿನ ರಾಜಧಾನಿ ದೋರಸಮುದ್ರ. ಅಲ್ಲಿ ಬಾಳಿ, ಎಳೆಯ ಮಕ್ಕಳ ಬಾಯಿಂದಲೇ ಅರಸನಿಗೆ ಜೀವದಯೆಯ ಪಾಠವನ್ನು ಹೇಳಿಸಿದ ಮಹಾಕವಿ ಜನ್ನ.

ಜನ್ನನ ತಂದೆ ಸುಮನೋಬಾಣನೆಂದು ಹೆಸರಾದ ಶಂಕರ, ತಾಯಿ ಗಂಗಾದೇವಿ. ಧರ್ಮಗುರು ರಾಮಚಂದ್ರದೇವ ಮುನಿ. ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜ ಇವನ ಸೋದರಳಿಯ. ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದ ಜನ್ನನು ಕವಿಯಷ್ಟೇ ಅಲ್ಲ, ದಂಡಾಧೀಶನೂ ಮಂತ್ರಿಯೂ ಆಗಿದ್ದನು. ದೋರಸಮುದ್ರದ ವಿಜಯಪಾರ್ಶ್ವ ಜಿನಾಲಯಕ್ಕೆ ದ್ವಾರವನ್ನು ಕಟ್ಟಿಸಿದನು. ಕತ್ತಿಯನ್ನೂ ಕಂಠವನ್ನೂ ಸಮನಾಗಿ ಬಲ್ಲ ಇಂಥವನೇ 1209ರಲ್ಲಿ ಯಶೋಧರ ಚರಿತೆಯನ್ನು ರಚಿಸಿದನೆಂಬುದು ಗಮನಾರ್ಹ. ವಾದಿರಾಜರ ಸಂಸ್ಕೃತ ಕಾವ್ಯದ ಕಥೆಯನ್ನು ಅವನು ಕನ್ನಡಕ್ಕೆ ತಂದನು. ಜೀವದಯಾಷ್ಟಮಿಯಂದು ಉಪವಾಸವಿದ್ದ ಶ್ರಾವಕರ ಕಿವಿಗಳಿಗೆ ಈ ಕಥೆಯೇ ಪಾರಣೆಯಾಗಲೆಂಬುದು ಅವನ ಆಶಯವಾಗಿತ್ತು.

ಕಥೆ ತೊಡಗುವುದು ರಾಜಪುರದಲ್ಲಿ. ಅರಸ ಮಾರಿದತ್ತನು ಚಂಡಮಾರಿಯ ಜಾತ್ರೆಗೆ ಪ್ರಾಣಿಗಳನ್ನು ಕೂಡಿಹಾಕಿ, ಅವುಗಳ ಜೊತೆಗೆ ಮನುಷ್ಯರ ಜೋಡಿಯೊಂದನ್ನೂ ಬಲಿಗೆ ತರಿಸುತ್ತಾನೆ. ಹಾಗೆ ಹಿಡಿದು ತಂದವರು ಸುದತ್ತಾಚಾರ್ಯರ ಶಿಷ್ಯರಾದ ಎಳೆಯ ಅಣ್ಣತಂಗಿಯರು, ಅಭಯರುಚಿ ಮತ್ತು ಅಭಯಮತಿ. ಹಿರಿದ ಕತ್ತಿಯೆದುರು ನಿಂತರೂ ಅವರ ಮುಖದಲ್ಲಿ ಅಳುಕಿಲ್ಲ. ಬೆರಗಾದ ಅರಸನು ಅವರ ವೃತ್ತಾಂತವನ್ನು ಕೇಳಲು, ಅಭಯರುಚಿ ತಮ್ಮ ಹಿಂದಿನ ಭವಗಳನ್ನು ಹೇಳತೊಡಗುತ್ತಾನೆ.

ಒಂದು ಭವದಲ್ಲಿ ಅವನು ಉಜ್ಜಯಿನಿಯ ಅರಸ ಯಶೋಧರ; ಇಂದಿನ ತಂಗಿಯೇ ಅಂದಿನ ತಾಯಿ ಚಂದ್ರಮತಿ. ಮಡದಿ ಅಮೃತಮತಿಯು ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಂಡು ನೊಂದ ಯಶೋಧರನು ಅದನ್ನು ಹೇಳಲಾರದೆ, ಕೆಟ್ಟ ಕನಸು ಕಂಡೆನೆಂದು ತಾಯಿಗೆ ತಿಳಿಸಿದನು. ಮಗನ ಮೇಲಣ ಮಮತೆಯಿಂದ ತಾಯಿ ದೇವಿಗೆ ಬಲಿ ಕೊಡುವಂತೆ ಒತ್ತಾಯಿಸಿದಳು. ಜೀವವಧೆಗೆ ಯಶೋಧರ ಒಪ್ಪಲಿಲ್ಲ. ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಡಂಬಟ್ಟನು. ಬಣ್ಣದಿಂದ ಜೀವಂತವೆಂಬಂತೆ ತೋರುತ್ತಿದ್ದ ಆ ಕೋಳಿಯನ್ನು ಕಡಿದಾಗ ಕೂಗು ಕೇಳಿಸಿತು. ಯಶೋಧರನ ಎದೆ ನಡುಗಿತು.

ಮುಂದೆ ಅಮೃತಮತಿಯಿಟ್ಟ ವಿಷಕ್ಕೆ ತಾಯಿಮಕ್ಕಳಿಬ್ಬರೂ ಬಲಿಯಾಗಿ ತಿರ್ಯಗ್ಗತಿಯಲ್ಲಿ ತೊಳಲಿದರು. ಮಗ ನವಿಲಾದನು, ತಾಯಿ ನಾಯಿಯಾದಳು. ಹೆತ್ತ ಮಗನೆಂದರಿಯದೆ ಆ ನಾಯಿಯೇ ನವಿಲನ್ನು ಕೊಂದಿತು. ಭವದಿಂದ ಭವಕ್ಕೆ ನೊಂದು, ಕಡೆಗೆ ಹಿಟ್ಟಿನ ಕೋಳಿಯನ್ನು ಕಡಿದವರು ತಾವೇ ಕೋಳಿಗಳಾದರು. ಆ ಜನ್ಮದಲ್ಲಿ ಮುನಿಯ ಧರ್ಮೋಪದೇಶ ಕಿವಿಗೆ ಬಿದ್ದು ಪೂರ್ವಸ್ಮರಣೆ ಉಂಟಾಯಿತು. ಹರ್ಷದಿಂದ ಕೂಗಿದ ಅವುಗಳನ್ನು ಅರಸ ಯಶೋಮತಿ ಬಾಣದಿಂದ ಕೊಂದನು. ಅವನು ಯಶೋಧರನದೇ ಮಗ. ಉಪದೇಶದ ಪುಣ್ಯದಿಂದ ಅವೆರಡೂ ಅದೇ ಯಶೋಮತಿಯ ಅವಳಿ ಮಕ್ಕಳಾಗಿ ಹುಟ್ಟಿದವು. ಈ ಮಕ್ಕಳೇ ಅಭಯರುಚಿ, ಅಭಯಮತಿಯರು. ಇದನ್ನೆಲ್ಲ ಕೇಳಿದ ಮಾರಿದತ್ತನು ಬಲಿಯನ್ನು ಬಿಟ್ಟು ವೈರಾಗ್ಯ ತಾಳಿದನು.

ಗೃಹಸ್ಥನಿಗೆ ಆರಂಭ, ಉದ್ಯೋಗ, ವಿರೋಧಗಳಲ್ಲಿ ಒದಗುವ ಹಿಂಸೆಯನ್ನು ಪೂರ್ಣವಾಗಿ ತೊರೆಯುವುದು ಕಠಿನ. ಆದರೆ ಸಂಕಲ್ಪಹಿಂಸೆಯನ್ನು ಅವನು ತೊರೆಯಲೇಬೇಕು. ದಂಡಾಧೀಶನಾಗಿದ್ದ ಜನ್ನನು ತನ್ನ ಕಾವ್ಯಕ್ಕೆ ಆರಿಸಿಕೊಂಡ ವಸ್ತು ಈ ಸಂಕಲ್ಪಹಿಂಸೆಯೇ. ಹಿಟ್ಟಿನ ಕೋಳಿಗೆ ಪ್ರಾಣವಿರಲಿಲ್ಲ. ಕಡಿದ ಕೈಯ ಹಿಂದೆ ಕೊಲ್ಲುವ ಭಾವವಿದ್ದಿತು.

ಎಳೆಯ ಮಗುವಿಗೆ ದಯೆಯನ್ನು ಕಲಿಸುವ ತಾಯ್ತಂದೆಯರಿಗೆ ಈ ಕಥೆಯಲ್ಲಿ ಎರಡು ಎಚ್ಚರಿಕೆಗಳಿವೆ. ಮಗು ಇರುವೆಯ ಸಾಲನ್ನು ತುಳಿದಾಗ ಮಾತ್ರವಲ್ಲ, ಗೊಂಬೆಯ ಕೊರಳನ್ನು ಮುರಿದು ಕೊಂದೆನೆಂದು ನಲಿದಾಗಲೂ ಮೃದುವಾಗಿ ತಿದ್ದಬೇಕು. ಮಗುವಿನ ಮೇಲಣ ಮಮತೆಯೇ ಅದಕ್ಕೆ ತಪ್ಪುದಾರಿ ತೋರಬಾರದು. ಚಂದ್ರಮತಿಗೆ ಮಗನ ಮೇಲೆ ಪ್ರೀತಿ ಕಡಮೆಯಿರಲಿಲ್ಲ. ಬಾವಿಯ ನೀರನ್ನು ಸೋಸಿದ ಬಟ್ಟೆಯನ್ನು ಅದೇ ನೀರಿನಲ್ಲಿ ಜಾಲಿಸಿ ಸೂಕ್ಷ್ಮಜೀವಿಗಳನ್ನು ಉಳಿಸುವ ತಾಯಿಯ ಕೈಯನ್ನು ನೋಡುತ್ತ ಬೆಳೆದ ಮಗುವಿಗೆ ಬೇರೆ ಉಪದೇಶ ಹೆಚ್ಚು ಬೇಕಾಗದು.

1230ರಲ್ಲಿ ಅನಂತನಾಥ ಪುರಾಣವನ್ನೂ ರಚಿಸಿ ಜನ್ನನು ಧನ್ಯನಾದನು. ದೋರಸಮುದ್ರದ ವೈಭವ ಅಳಿದರೂ ಅವನ ಕಾವ್ಯ ಅಳಿಯಲಿಲ್ಲ. ಜೀವದಯಾಷ್ಟಮಿಯ ನೋಂಪಿಯನ್ನು ಆಚರಿಸುವ ಮನೆಗಳಲ್ಲಿ ಹಿರಿಯರು ಉಪವಾಸವಿರುವಾಗ, ಉಪವಾಸಕ್ಕೆ ಇನ್ನೂ ವಯಸ್ಸಾಗದ ಮಕ್ಕಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ಈ ಕಥೆಯನ್ನು ಹೇಳಿದರೆ, ಕವಿಯು ಬಯಸಿದ ಪಾರಣೆ ಆ ಪುಟ್ಟ ಕಿವಿಗಳಿಗೂ ದೊರೆತಂತಾಗುವುದು.