ವಿಶ್ವೇಶ್ವರಯ್ಯನವರು ಮತ್ತು ಭದ್ರಾವತಿಯ ಕಾರ್ಖಾನೆ

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದಲ್ಲಿ ಎಂಜಿನಿಯರಾಗಿ ಹೆಸರು ಗಳಿಸಿದರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದರು, 1912ರಲ್ಲಿ ದಿವಾನರಾದರು. ಕನ್ನಂಬಾಡಿಯ ಅಣೆಕಟ್ಟನ್ನು ಬಲ್ಲವರೆಲ್ಲ ಅವರನ್ನು ಬಲ್ಲರು. ಆದರೆ ಅವರ ಮನಸ್ಸನ್ನು ಹೆಚ್ಚು ಕಾಡಿದ ಪ್ರಶ್ನೆ ನೀರಿನದಲ್ಲ, ಬಡತನದ್ದು.

ಜನರಲ್ಲಿ ಬಹುಪಾಲು ಮಂದಿ ಮಳೆಯನ್ನೇ ನಂಬಿದ ಬೇಸಾಯದಿಂದ ಬದುಕುತ್ತಿದ್ದರು. ಓದುಬರಹ ಬಲ್ಲವರು ವಿರಳ. ವಿದ್ಯೆ, ಬಂಡವಾಳ, ಯಂತ್ರ ಇವು ಮೂರೂ ಒಟ್ಟಿಗೆ ಬಾರದೆ ಈ ಸ್ಥಿತಿ ನೀಗದೆಂದು ಅವರು ಎಣಿಸಿದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದವು. ಸರಕಾರಿ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಸ್ಥಾನ ಮೀಸಲಿಡುವ ವಿಚಾರದಲ್ಲಿ ಭಿನ್ನಾಭಿಪ್ರಾಯ ಉಂಟಾದಾಗ ಅವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಆ ವಿಷಯದಲ್ಲಿ ಕಾಲವು ಅವರ ಪಕ್ಷವನ್ನು ವಹಿಸಲಿಲ್ಲವೆಂಬುದನ್ನೂ ಹೇಳಲೇಬೇಕು.

ಅವರ ಕಾಲದಲ್ಲಿಯೇ ಯೋಜಿತವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲಿನಿಂದಲೇ ಅದಿರನ್ನು ಕರಗಿಸಬೇಕಾಗಿತ್ತು. ಕಾಡೇ ಕಾರ್ಖಾನೆಯ ಒಲೆಯಾಯಿತೆನ್ನಬಹುದು. ಮುಂದೆ 1950ರ ದಶಕದಲ್ಲಿ ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ ಬಿದಿರನ್ನು ನಂಬಿ ಕಾಗದದ ಕಾರ್ಖಾನೆ ತಲೆಯೆತ್ತಿದುದೂ ಇಂಥದೇ ಲೆಕ್ಕಾಚಾರದಿಂದ.

ಆದರೆ ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದಿತ್ತು. ಖರ್ಚು ಅಂದಾಜನ್ನು ಮೀರಿತ್ತು. ಸಂಸ್ಥಾನದ ಹಣವೆಲ್ಲ ಬೆಂಕಿಗೆ ಬಿತ್ತೆಂದು ಟೀಕಾಕಾರರು ಆಡಿಕೊಂಡರು. ಅರವತ್ತು ದಾಟಿದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು, ದುಂದನ್ನು ತಡೆದು, ನಮ್ಮವರನ್ನೇ ತರಬೇತುಗೊಳಿಸಿ, 1929ರವರೆಗೆ ಅದನ್ನು ನಡೆಸಿದರು. ಉಕ್ಕಿನ ತಯಾರಿಕೆ ಅಲ್ಲಿ ಆರಂಭವಾದುದು 1930ರ ದಶಕದಲ್ಲಿ.

1934ರಲ್ಲಿ ಅವರು ಇಡೀ ಭಾರತಕ್ಕಾಗಿ ಹತ್ತು ವರ್ಷಗಳ ಯೋಜನೆಯೊಂದನ್ನು ಗ್ರಂಥರೂಪದಲ್ಲಿ ಮುಂದಿಟ್ಟರು. ಅಷ್ಟರಲ್ಲಿ ದೇಶದ ವರಮಾನ ಇಮ್ಮಡಿಯಾಗಬೇಕೆಂಬುದು ಅದರ ಗುರಿ. ಗ್ರಾಮೋದ್ಯೋಗವನ್ನು ಮುಖ್ಯವೆಂದು ಬಗೆದ ಗಾಂಧೀಜಿಯವರಿಗೂ ಭಾರಿ ಯಂತ್ರಗಳನ್ನು ಬಯಸಿದ ಇವರಿಗೂ ಒಮ್ಮತ ಮೂಡಲಿಲ್ಲ. ಪರಸ್ಪರ ಗೌರವ ಮಾತ್ರ ಕುಂದಲಿಲ್ಲ.

ಭದ್ರಾವತಿಯ ದುಡಿಮೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಪಡೆಯಲಿಲ್ಲ. ಬಡ ತರುಣರಿಗೆ ಕಸಬು ಕಲಿಸುವ ಶಾಲೆಗೆ ಅದನ್ನು ವಿನಿಯೋಗಿಸಬೇಕೆಂದು ಕೇಳಿಕೊಂಡರು. ಬೆಂಗಳೂರಿನಲ್ಲಿ ಆ ಶಾಲೆ ಸ್ಥಾಪನೆಯಾದಾಗ ಅದಕ್ಕೆ ತಮ್ಮ ಹೆಸರನ್ನಿಡಲು ಅವರು ಒಪ್ಪಲಿಲ್ಲ. ಅದಕ್ಕೆ ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನಿಡಲಾಯಿತು.