ಎಕ್ಸ್-ರೇ ಕೊಟ್ಟ ರಾಂಟ್‌ಜನ್

ನಾನು ಕಾಮರ್ಸ್ ವಿದ್ಯಾರ್ಥಿ. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ವಿಜ್ಞಾನದ ಪುಸ್ತಕ ಮುಟ್ಟಿದವನಲ್ಲ. ಆದರೆ ಈ ವರ್ಷ ನಮ್ಮ ದಾದಾ, ಅಂದರೆ ಅಬ್ಬಾರ ತಂದೆಗೆ, ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಬಿಕ್ಕೋಡಿನಿಂದ ಬೇಲೂರು, ಹಾಸನ ದಾಟಿ ಬೆಂಗಳೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ.

ರೇಡಿಯೇಷನ್ ಕೊಡುವ ಮೊದಲು ಒಂದು ಸ್ಕ್ಯಾನ್ ಮಾಡಿದರು. ಮಲಗಿದ್ದಾಗ ಹೊಟ್ಟೆಯ ಮೇಲೆ ಪುಟ್ಟ ಡಬ್ಬಿ ಇಟ್ಟಿದ್ದರು, ಸುಮ್ಮನೆ ಉಸಿರಾಡಿ ಎಂದಿದ್ದರು ಎಂದು ದಾದಾ ಹೊರಗೆ ಬಂದು ಹೇಳಿದರು. ಇದು ಯಾಕೆ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿದೆ. ಶ್ವಾಸಕೋಶದ ಗೆಡ್ಡೆ ಒಂದೇ ಕಡೆ ನಿಲ್ಲುವುದಿಲ್ಲ, ಉಸಿರಿನ ಜೊತೆ ಓಡಾಡುತ್ತದೆ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಓಡಾಡುವ ಗೆಡ್ಡೆಗೆ ಗುರಿ ಇಡುವುದು ಹೇಗೆ? ಊರಿಗೆ ಬಂದು ಓದತೊಡಗಿದೆ. ಹಾಗೆ ಸಿಕ್ಕವರು ವಿಲ್ಹೆಲ್ಮ್ ರಾಂಟ್‌ಜನ್.

ಅವರು 1845ರ ಮಾರ್ಚ್ 27ರಂದು ಜರ್ಮನಿಯ ಲೆನ್ನೆಪ್‌ನಲ್ಲಿ ಹುಟ್ಟಿದರು. ತಂದೆ ಬಟ್ಟೆ ವ್ಯಾಪಾರಿ. ಬಾಲ್ಯ ಕಳೆದದ್ದು ನೆದರ್ಲೆಂಡ್ಸ್‌ನಲ್ಲಿ. ಬೇರೊಬ್ಬ ಹುಡುಗ ಮೇಷ್ಟ್ರ ವ್ಯಂಗ್ಯಚಿತ್ರ ಬರೆದ, ಅವನ ಹೆಸರು ಹೇಳಲು ಒಪ್ಪದ ರಾಂಟ್‌ಜನ್‌ರನ್ನು ಶಾಲೆಯಿಂದ ಹೊರಹಾಕಿದರು. ಕೈಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ. ಆದರೂ ಪ್ರವೇಶ ಪರೀಕ್ಷೆ ಬರೆದು ಜ್ಯೂರಿಚ್‌ನ ಪಾಲಿಟೆಕ್ನಿಕ್ ಸೇರಿದರು. 1869ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1895ರ ನವೆಂಬರ್ 8ರ ಸಂಜೆ, ಕಪ್ಪು ರಟ್ಟಿನಿಂದ ಮುಚ್ಚಿದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸುತ್ತಿದ್ದಾಗ, ದೂರದಲ್ಲಿದ್ದ ಪರದೆಯೊಂದು ಕತ್ತಲಲ್ಲಿ ಹೊಳೆಯಿತು. ಕಾಣದ ಯಾವುದೋ ಕಿರಣ ರಟ್ಟನ್ನು ದಾಟಿ ಬರುತ್ತಿತ್ತು. ಅದೇನೆಂದು ಗೊತ್ತಿಲ್ಲದ್ದರಿಂದ ಗಣಿತದ ರೀತಿಯಲ್ಲಿ ಎಕ್ಸ್ ಎಂದು ಕರೆದರು. ಡಿಸೆಂಬರ್ 22ರಂದು ಹೆಂಡತಿ ಬರ್ತಾ ಅವರ ಕೈಯ ಚಿತ್ರ ತೆಗೆದರು. ಮೂಳೆಗಳೂ ಬೆರಳಿನ ಉಂಗುರವೂ ಕಂಡವು. ಅದಕ್ಕಾಗಿ ಬರ್ತಾ ಹಲವು ನಿಮಿಷ ಕೈ ಅಲುಗಾಡಿಸದೆ ಇಡಬೇಕಾಯಿತು.

ನನ್ನ ಪ್ರಶ್ನೆ ಇಲ್ಲೇ ಇತ್ತು. ಕೈಯನ್ನು ಅಲುಗಾಡದಂತೆ ಇಡಬಹುದು. ಉಸಿರನ್ನು ಎಷ್ಟು ಹೊತ್ತು ನಿಲ್ಲಿಸಲಾದೀತು? ಶ್ವಾಸಕೋಶದ ಕೆಳಭಾಗದಲ್ಲಿ, ವಪೆಯ ಹತ್ತಿರ ಇರುವ ಗೆಡ್ಡೆ ಒಂದೆರಡು ಸೆಂಟಿಮೀಟರ್ ಕೂಡ ಜರುಗಬಹುದು. ಕಿರಣದ ಜಾಗ ಚಿಕ್ಕದಾದರೆ ಗೆಡ್ಡೆ ತಪ್ಪಿಹೋಗುತ್ತದೆ, ದೊಡ್ಡದಾದರೆ ಚೆನ್ನಾಗಿರುವ ಶ್ವಾಸಕೋಶ ಸುಡುತ್ತದೆ.

ಇದಕ್ಕೇ 4ಡಿ ಸಿ.ಟಿ. ಸ್ಕ್ಯಾನ್ ಇದೆ. ಇದರಲ್ಲೂ ಚಿತ್ರ ತೆಗೆಯುವುದು ರಾಂಟ್‌ಜನ್ ಕಂಡ ಕಿರಣವೇ. ಹೊಟ್ಟೆಯ ಮೇಲಿನ ಡಬ್ಬಿ ಏರಿಳಿಯುವುದನ್ನು ಕ್ಯಾಮೆರಾ ನೋಡುತ್ತದೆ. ಯಾವ ಚಿತ್ರ ಉಸಿರಿನ ಯಾವ ಹಂತದ್ದು ಎಂದು ಕಂಪ್ಯೂಟರ್ ವಿಂಗಡಿಸುತ್ತದೆ. ಸಾಮಾನ್ಯವಾಗಿ ಒಂದು ಉಸಿರನ್ನು 10 ಹಂತ ಮಾಡುತ್ತಾರೆ. ಗೆಡ್ಡೆ ಎಲ್ಲೆಲ್ಲಿ ಹೋಗಿಬರುತ್ತದೆ ಎಂದು ಗುರುತು ಹಾಕಿ, ಅಷ್ಟೇ ಜಾಗಕ್ಕೆ ಡೋಸ್ ಲೆಕ್ಕ ಹಾಕುತ್ತಾರೆ. ಕೆಲವರಿಗೆ ಉಸಿರು ಹಿಡಿಸಿ ಕೊಡುತ್ತಾರೆ, ಕೆಲವರಿಗೆ ಉಸಿರಿನ ಒಂದು ಹಂತದಲ್ಲಿ ಮಾತ್ರ ಕಿರಣ ಬಿಡುತ್ತಾರೆ.

ನಮಗೆ ಬಿಸಿನೆಸ್ ಸ್ಟಡೀಸ್‌ನಲ್ಲಿ ಪೇಟೆಂಟ್ ಎಂದರೇನು ಎಂದು ಕಲಿಸುತ್ತಾರೆ. ರಾಂಟ್‌ಜನ್ ತಮ್ಮ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದು ಎಲ್ಲರಿಗೂ ಸೇರಬೇಕು ಎಂಬುದು ಅವರ ನಿಲುವು. ಒಂದೇ ವರ್ಷದಲ್ಲಿ ಎಷ್ಟೋ ದೇಶಗಳ ವೈದ್ಯರು ಎಕ್ಸ್-ರೇ ಬಳಸತೊಡಗಿದರು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೆ ಬಂತು. ಆ ಹಣವನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. 1919ರಲ್ಲಿ ಬರ್ತಾ ತೀರಿಕೊಂಡರು. ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಕೂಡಿಟ್ಟ ಹಣ ಬೆಲೆ ಕಳೆದುಕೊಂಡಿತು. 1923ರ ಫೆಬ್ರವರಿ 10ರಂದು ಅವರು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು.

ಲಾಭ ನಷ್ಟದ ಲೆಕ್ಕ ಕಲಿಯುವ ನಾನು ಇದನ್ನು ಯಾವ ಕಾಲಂನಲ್ಲಿ ಬರೆಯಲಿ ಎಂದು ಯೋಚಿಸಿದೆ. ಅವರ ಖಾತೆಯಲ್ಲಿ ಏನೂ ಉಳಿಯಲಿಲ್ಲ. ನಮ್ಮ ಮನೆಯ ಖಾತೆಗೆ ಮಾತ್ರ ಬಂದಿದೆ.

ದಾದಾರ ರೇಡಿಯೇಷನ್ ಮುಗಿದಿದೆ. ಮುಂದಿನ ಸ್ಕ್ಯಾನ್‌ವರೆಗೆ ಏನೂ ಹೇಳುವಂತಿಲ್ಲ. ಈಗ ರಾತ್ರಿ ಓದುತ್ತಾ ಕುಳಿತಾಗ ಪಕ್ಕದ ಕೋಣೆಯಿಂದ ಅವರ ಉಸಿರಿನ ಸದ್ದು ಕೇಳುತ್ತದೆ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಅದನ್ನೇ ಕೇಳುತ್ತೇನೆ.