ಪೀಳಮೇಡಿನ ಮೋಟಾರು, ಪಳನಿಯ ಬಸ್ಸು

ನಿಮ್ಮ ಮಗು ವಿಜ್ಞಾನ ಪುಸ್ತಕ ತೆರೆದು ‘ಜಡತ್ವ’ ಎಂದರೇನು ಎಂದು ಕೇಳಿದರೆ, ಪುಸ್ತಕ ಮುಚ್ಚಿಸಿ ಜಿ.ಡಿ. ನಾಯ್ಡು ಅವರ ಕತೆ ಹೇಳಿ.

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಹುಟ್ಟಿದ್ದು 1893ರ ಮಾರ್ಚ್ 23ರಂದು, ಕೊಯಮತ್ತೂರಿನ ಹತ್ತಿರದ ಕಲಂಗಲ್ ಎಂಬ ಹಳ್ಳಿಯಲ್ಲಿ. ಮನೆಯ ಮಾತು ತೆಲುಗು, ಊರಿನ ಮಾತು ತಮಿಳು. ಎರಡು ಭಾಷೆಯ ನಡುವೆ ಬೆಳೆಯುವ ಕಷ್ಟಸುಖ ನಿಮಗೆ ಹೊಸತಲ್ಲ. ತಾಯಿ ಬೇಗ ತೀರಿಕೊಂಡರು. ಶಾಲೆ ಹುಡುಗನಿಗೆ ಹಿಡಿಸಲೇ ಇಲ್ಲ. ಮೇಷ್ಟರ ಕಣ್ಣಿಗೆ ಮಣ್ಣು ಎರಚಿ ಓಡಿದನೆಂಬ ಕತೆಯೂ ಇದೆ. ಮೇಷ್ಟರಾಗಿದ್ದ ನನಗೆ ಆ ಕತೆ ಅಷ್ಟೇನೂ ಇಷ್ಟವಿಲ್ಲ, ಆದರೂ ಹೇಳದೆ ಬಿಡಲಾರೆ.

ಹೊಲದ ಕೆಲಸದಲ್ಲಿದ್ದ ಹುಡುಗ ಒಂದು ದಿನ ಇಂಗ್ಲಿಷ್ ಅಧಿಕಾರಿಯೊಬ್ಬರ ರಡ್ಜ್ ಮೋಟಾರ್ ಸೈಕಲ್ ಕಂಡ. ಎತ್ತು ಕುದುರೆ ಇಲ್ಲದೆ ಓಡುವ ಗಾಡಿ! ಕೊಯಮತ್ತೂರಿಗೆ ಬಂದು ಹೋಟೆಲಿನಲ್ಲಿ ಕೆಲಸಕ್ಕೆ ನಿಂತು, ಕಾಸು ಕೂಡಿಟ್ಟು, ಅಂಥದೇ ಬಂಡಿ ಕೊಂಡುಕೊಂಡ. ಓಡಿಸುವುದಕ್ಕಿಂತ ಬಿಚ್ಚಿ ಜೋಡಿಸುವುದೇ ಅವನಿಗೆ ಹೆಚ್ಚಿನ ಖುಷಿ.

ಆ ಎಂಜಿನ್ನಿನ ಒಳಗೆ ಏನಿತ್ತು? ಒಂದೇ ಸಿಲಿಂಡರ್. ಪಿಸ್ಟನ್ ನಾಲ್ಕು ಸಲ ಮೇಲೆ ಕೆಳಗೆ ಹೋದರೆ ಒಂದು ಸಲ ಮಾತ್ರ ಇಂಧನ ಉರಿದು ಅದನ್ನು ತಳ್ಳುತ್ತದೆ. ಉಳಿದ ಮೂರು ಸಲ ತಳ್ಳುವವರಿಲ್ಲ. ಆದರೂ ಎಂಜಿನ್ ನಿಲ್ಲದು. ಭಾರವಾದ ಗಾಲಿಯೊಂದು ಒಮ್ಮೆ ಸಿಕ್ಕ ತಳ್ಳನ್ನು ಹಿಡಿದುಕೊಂಡು ತಿರುಗುತ್ತಲೇ ಇರುತ್ತದೆ. ಅದೇ ಜಡತ್ವ.

ಇಲ್ಲಿ ಒಂದು ಮಾತು. ‘ಜಡ’ ಎಂದರೆ ಸೋಮಾರಿ, ಅಲುಗದ್ದು ಎಂದು ನಮ್ಮ ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ಕಲ್ಲಿಗೆ ಜಡತ್ವವಿದೆ, ಓಡುವ ಚೆಂಡಿಗೆ ಇಲ್ಲ ಎಂದು ಬರೆದ ಉತ್ತರಪತ್ರಿಕೆಗಳನ್ನು ಎಷ್ಟೋ ತಿದ್ದಿದ್ದೇನೆ. ತಪ್ಪು ಮಕ್ಕಳದಲ್ಲ, ಪದ ಬಿಡಿಸಿ ಹೇಳದ ನನ್ನದು. ತಮಿಳಿನಲ್ಲಿ ಇದಕ್ಕೆ ‘ನಿಲೈಮಂ’ ಎನ್ನುತ್ತಾರೆ, ಇದ್ದ ನೆಲೆಯನ್ನು ಬಿಡದಿರುವುದು. ಓಡುವುದು ಓಡುತ್ತಲೇ ಇರಲು ನೋಡುತ್ತದೆ, ನಿಂತದ್ದು ನಿಂತೇ ಇರಲು. ಬದಲಾಗಬೇಕಾದರೆ ಹೊರಗಿನಿಂದ ಬಲ ಬೀಳಬೇಕು. ಎರಡು ಪದವನ್ನೂ ಮಗುವಿಗೆ ಹೇಳಿಕೊಡಿ. ಎರಡು ಭಾಷೆಯ ನಡುವೆ ಇರುವವರಿಗೆ ಇಷ್ಟಾದರೂ ಲಾಭ ಬೇಡವೇ?

1920ರಲ್ಲಿ ನಾಯ್ಡು ಒಂದು ಬಸ್ಸು ಕೊಂಡು ಪೊಳ್ಳಾಚಿಯಿಂದ ಪಳನಿಗೆ ತಾವೇ ಓಡಿಸಿದರು. ಮುಂದೆ ಅದು ಯು.ಎಂ.ಎಸ್. ಎಂಬ ದೊಡ್ಡ ಬಸ್ ಸಂಸ್ಥೆಯಾಯಿತು. ಜನ ತುಂಬಿದ ಬಸ್ಸು ಖಾಲಿ ಬಸ್ಸಿನಷ್ಟು ಬೇಗ ಹೊರಡದು. ಅಷ್ಟೇ ಬ್ರೇಕಿಗೆ ಅಷ್ಟು ಬೇಗ ನಿಲ್ಲದು. ರಾಶಿ ಹೆಚ್ಚಿದಷ್ಟೂ ಜಡತ್ವ ಹೆಚ್ಚು. ಯಾವ ಚಾಲಕನಿಗೂ ಇದು ಕಾಲಡಿಯಲ್ಲೇ ತಿಳಿಯುತ್ತದೆ, ಸೂತ್ರ ಬೇಕಿಲ್ಲ.

1937ರಲ್ಲಿ ಪೀಳಮೇಡಿನ ಅವರ ಕಾರ್ಖಾನೆಯಿಂದ, ಡಿ. ಬಾಲಸುಂದರಂ ಅವರ ನೆರವಿನಿಂದ, ವಿದ್ಯುತ್ ಮೋಟಾರು ಹೊರಬಂತು. ಭಾರತದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ನಿಮ್ಮ ಬಾವಿಯ ಪಂಪಿನ ಸ್ವಿಚ್ಚು ಆರಿಸಿದ ಮೇಲೂ ಮೋಟಾರು ಕೊಂಚ ಹೊತ್ತು ತಿರುಗುತ್ತದಲ್ಲ, ಘರ್ಷಣೆಯೂ ನೀರೂ ಸೇರಿ ಅದನ್ನು ನಿಲ್ಲಿಸುವವರೆಗೆ, ಮಗುವಿಗೆ ಅದನ್ನೇ ತೋರಿಸಿ.

ಶಾಲೆ ಬಿಟ್ಟ ಈ ಮನುಷ್ಯ 1945ರಲ್ಲಿ ಕೊಯಮತ್ತೂರಿನಲ್ಲಿ ಆರ್ಥರ್ ಹೋಪ್ ಹೆಸರಿನ ತಾಂತ್ರಿಕ ಶಾಲೆ, ಕಾಲೇಜುಗಳು ಹುಟ್ಟಲು ಕಾರಣರಾದರು. ತಮಗೆ ಸಿಗದ ಪಾಠ ಬೇರೆ ಹುಡುಗರಿಗೆ ಯಂತ್ರದ ಮುಂದೆ ನಿಂತು ಸಿಗಲಿ ಎಂಬ ಹಟ ಅದರಲ್ಲಿತ್ತೆಂದು ನನಗನ್ನಿಸುತ್ತದೆ. 1974ರ ಜನವರಿ 4ರಂದು ತೀರಿಕೊಂಡರು.

ಅವರ ಯಂತ್ರಗಳ ಸಂಗ್ರಹಾಲಯ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿದೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ಹೋಗುವಾಗ ಅರ್ಧ ನೀರಿನ ಬಾಟಲಿ ಮಗುವಿನ ಕೈಗೆ ಕೊಡಿ. ಬ್ರೇಕ್ ಬಿದ್ದಾಗ ನೀರು ಯಾವ ಕಡೆ ಏರಿತು, ಹೊರಟಾಗ ಯಾವ ಕಡೆ ಏರಿತು ಎಂದು ಮಗುವೇ ನಿಮಗೆ ಹೇಳಲಿ.